ತಾಯಕ್ಕನ ಹಲಗೆ

ಮಹಾಲಯ ಅಮಾವಾಸ್ಯೆ, ಬೆಳಿಗ್ಗೆ ಆರು ಗಂಟೆ. ಸ್ಥಳ, ನಂಜನಗೂಡಿನ ನಮ್ಮ ಮನೆಯ ಅಡಿಗೆಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಸುನಂದ, ಟಿ. ನರಸೀಪುರದ ಕಡೆಯ ನಮ್ಮ ಹಳ್ಳಿಯಿಂದ ಮೊದಲ ಬಸ್ಸಿಗೇ ಬಂದಿಳಿದ ತಮ್ಮ ಮಾದೇವ. ಹೆಮ್ಮರಗಾಲದಿಂದ ಹಿಂದಿನ ದಿನವೇ ಬಂದು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುತ್ತಿದ್ದ ಸೋದರತ್ತೆ. ಮತ್ತು ಮಾದೇವನ ಕೈಚೀಲದಲ್ಲಿ ಕಾಲು ಕಟ್ಟಿಸಿಕೊಂಡು ಕೂತಿದ್ದ ಒಂದು ನಾಟಿ ಹುಂಜ. ಎಂಟು ಗಂಟೆಯ ನಂತರ ಹುಂಜ ಗೈರುಹಾಜರು.

ಹಾಜರಿ ತೆಗೆದುಕೊಳ್ಳುವುದು ನನಗೆ ಅಂಟಿಕೊಂಡ ಚಾಳಿ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಐದಕ್ಕೆ ಏಳುವುದು, ಕಪಿಲಾ ಹೊಳೆಯ ತನಕ ನಡೆದು ಬರುವುದು, ಪತ್ರಿಕೆ ಓದಿ ಅದು ಬಂದ ಮಡಿಕೆಯಲ್ಲೇ ಮತ್ತೆ ಮಡಿಸಿಡುವುದು, ಒಂದಕ್ಕೆ ಸರಿಯಾಗಿ ಊಟ. ಮದುವೆ ಮನೆಯಲ್ಲಿ ಪಂಕ್ತಿ ಸೊಟ್ಟಗಿದ್ದರೆ ನನಗೆ ಪಾಯಸ ಇಳಿಯುವುದಿಲ್ಲ. ಈ ಶಿಸ್ತಿಗೆ ಒಂದು ಕಾಲದಲ್ಲಿ ನಂಜನಗೂಡಿನ ಅರ್ಧ ಮಕ್ಕಳು ಹೆದರುತ್ತಿದ್ದರು. ಒಂದೆಲೆ ಸೊಪ್ಪೂ ಹಾಕದವಳು ಒಬ್ಬಳೇ, ನನ್ನ ಅಕ್ಕ ತಾಯಮ್ಮ. ನಮ್ಮೆಲ್ಲರ ತಾಯಕ್ಕ.

ತಾಯಕ್ಕನ ಕಾಲುಗಳು ಎಳವೆಯಲ್ಲೇ ಪೋಲಿಯೋ ಬಂದು ಹೋದವು. ಅವಳು ಸೊಂಟದಿಂದ ಮೇಲಕ್ಕೆ ಮಾತ್ರ ಬೆಳೆದಳು. ಬಾಯಿ ತನ್ನ ಪಾಲಿಗಿಂತ ಸ್ವಲ್ಪ ಹೆಚ್ಚೇ ಬೆಳೆಯಿತು. ಓಡಾಡಲು ಅವಳಿಗೊಂದು ಪುಟ್ಟ ಗಾಡಿ ಇತ್ತು. ಲಾರಿಯ ಹಳೆಯ ಬೇರಿಂಗುಗಳನ್ನೇ ಚಕ್ರ ಮಾಡಿ, ಮೇಲೊಂದು ಮಣೆ ಬಿಗಿದದ್ದು. ಎರಡು ಕೈಯಲ್ಲೂ ಮರದ ಗುಂಡು ಹಿಡಿದು ನೆಲವನ್ನು ಹಿಂದಕ್ಕೆ ನೂಕುತ್ತ, ಗರ್ ಎಂದು ಸದ್ದು ಮಾಡಿಕೊಂಡು ಬರುತ್ತಿದ್ದಳು. ಅಕ್ಕ ನಡೆಯಲಾರದವಳು, ತಮ್ಮ ಕಂಡವರ ಮಕ್ಕಳಿಗೆ ಓಟ ಕಲಿಸುವವನು. ದೇವರು ಇದನ್ನು ಯೋಚನೆ ಮಾಡಿ ಮಾಡಿದನೋ, ಬೇರೆ ಕಡೆ ನೋಡುತ್ತ ಮಾಡಿದನೋ ತಿಳಿಯದು. ನಾನು ಮೈದಾನದಿಂದ ಬೆವರು ಒರೆಸಿಕೊಳ್ಳುತ್ತ ಬಂದರೆ ತಾಯಕ್ಕ ಜಗಲಿಯಿಂದಲೇ ಶುರು ಮಾಡುತ್ತಿದ್ದಳು.

“ಊರ ಮಕ್ಕಳ ಕಾಲೆಲ್ಲ ಸವೆಸಿ ಬಂದ್ಯಾ ಸ್ವಾಮಿ? ಒಂದು ಜೊತೆ ನಂಗೂ ಎತ್ತಿಟ್ಟಿರಬಾರದಾ?”

ನನ್ನ ಹಳೆಯ ಸೀಟಿಯೊಂದನ್ನು ಅವಳು ಕೊರಳಿಗೆ ಹಾಕಿಕೊಂಡಿದ್ದಳು. ಮನೆಯಲ್ಲಿ ಉಪ್ಪು ಮುಗಿದರೆ ಒಂದು ಊದು, ಬಾಗಿಲಿಗೆ ಯಾರಾದರೂ ಬಂದರೆ ಎರಡು. ಅವಳು ಉಪ್ಪಿಗಾಗಿ ಊದಿದ ಸೀಟಿಗೆ ಬೀದಿಯಲ್ಲಿ ಹೋಗುತ್ತಿದ್ದ ನನ್ನ ಶಿಷ್ಯರು ನಿಂತಲ್ಲೇ ಸೆಟೆದು ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೋದ ವರ್ಷ ಬೇಸಿಗೆಯಲ್ಲಿ ತಾಯಕ್ಕ ತೀರಿಕೊಂಡಳು. ವರ್ಷ ತುಂಬದವರನ್ನು ಹಿರಿಯರ ಸಾಲಿಗೆ ಸೇರಿಸುವಂತಿಲ್ಲ ಎಂದು ಸೋದರತ್ತೆ ಹೋದ ವರ್ಷದ ಮಹಾಲಯದಲ್ಲಿ ಅವಳಿಗೆ ಎಲೆ ಹಾಕಲು ಬಿಟ್ಟಿರಲಿಲ್ಲ. ಹಾಗಾಗಿ ಈ ಸಲ ಅವಳಿಗೆ ಮೊದಲ ಎಡೆ. ಬಡ್ತಿ ಸಿಕ್ಕಿದೆ ಅನ್ನಿ. ಅದರಲ್ಲಿ ಒಂದು ಕೊರತೆಯೂ ಇರಬಾರದು ಎಂದು ನಾನು ವಾರದಿಂದ ಹಠ ಹಿಡಿದಿದ್ದೆ.

ನಮ್ಮ ಕಡೆಯ ಎಡೆ ನಿಮಗೆ ಗೊತ್ತಿರಬಹುದು. ತೀರಿಕೊಂಡವರ ಫೋಟೋಗಳನ್ನು ಸಾಲಾಗಿ ಇಟ್ಟು, ಹೊಸ ಬಟ್ಟೆ ಇಟ್ಟು, ಅವರವರಿಗೆ ಇಷ್ಟವಾದದ್ದನ್ನೆಲ್ಲ ಅವರವರ ಎಲೆಗೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ಬರುತ್ತೇವೆ. ಹಿರಿಯರು ಬಂದು ನಿಧಾನವಾಗಿ ಊಟ ಮಾಡಿ ಹೋಗಲಿ ಎಂದು. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಿ ಅದನ್ನೇ ನಾವು ಉಣ್ಣುವುದು. ಇದರ ಕಾಯಿದೆ ಕಾನೂನೆಲ್ಲ ಸೋದರತ್ತೆಯದು. ತಾತನ ಎಲೆಗೆ ಬೀಳುವ ಕೋಳಿಯನ್ನು ಮೂಳೆ ತೆಗೆದು ನಾರು ನಾರಾಗಿ ಬಿಡಿಸಿರಬೇಕು. ಸಾಯುವಾಗ ತಾತನ ಬಾಯಲ್ಲಿ ಹಲ್ಲಿರಲಿಲ್ಲ. ಅಪ್ಪನ ಕಾಫಿಗೆ ಸಕ್ಕರೆ ಬೀಳಕೂಡದು. ಅಪ್ಪನಿಗೆ ಶುಗರ್ ಇತ್ತು. ಅಮ್ಮನ ಎಲೆ ಸಾಲಿನಿಂದ ಒಂದು ಗೇಣು ಹಿಂದೆ ಇರಬೇಕು. ಅಮ್ಮ ಯಾವತ್ತೂ ಅಪ್ಪನ ಸಮಕ್ಕೆ ಕೂತು ಉಂಡವಳಲ್ಲ. ಸಾಲು ಸೊಟ್ಟಗಾಗುವ ಈ ಕೊನೆಯದು ಮಾತ್ರ ನನಗೆ ಪ್ರತಿವರ್ಷ ಸಂಕಟ.

ತಾಯಕ್ಕನ ಎಲೆಗೆ ಮುದ್ದೆ, ಹುಂಜದ ಸಾರು, ಕಡ್ಲೆಪುರಿ, ಪಕ್ಕದಲ್ಲಿ ನಶ್ಯದ ಡಬ್ಬಿ. ಜೊತೆಗೆ ನರಸೀಪುರದ ಬಸ್ ಸ್ಟ್ಯಾಂಡಿನಿಂದ ಮಾದೇವ ಕಟ್ಟಿಸಿಕೊಂಡು ಬಂದ ಮಸಾಲೆ ವಡೆ. ಬಿಸಿ ಮಾಡಲೇ ಎಂದು ಸುನಂದ ಕೇಳಿದಾಗ ಬೇಡ ಎಂದು ಮೂವರೂ ಒಟ್ಟಿಗೆ ಹೇಳಿದೆವು. ಬಿಸಿ ವಡೆಯನ್ನು ಯಾರು ಬೇಕಾದರೂ ತಿನ್ನುತ್ತಾರೆ, ಆರಿದ ವಡೆ ತಿನ್ನುವುದಕ್ಕೆ ರುಚಿ ಗೊತ್ತಿರಬೇಕು ಅನ್ನುವುದು ತಾಯಕ್ಕನ ಸಿದ್ಧಾಂತ.

ಫೋಟೋ ಒಂದೇ ಇದ್ದದ್ದು. ಅಂಗವಿಕಲರ ಗುರುತಿನ ಚೀಟಿಗೆ ತೆಗೆಸಿದ್ದನ್ನೇ ದೊಡ್ಡದು ಮಾಡಿಸಿದೆವು. ಸ್ಟುಡಿಯೋದಲ್ಲಿ ನಾನೇ ಎತ್ತಿ ಸ್ಟೂಲಿನ ಮೇಲೆ ಕೂರಿಸಿದ್ದೆ. ಫೋಟೋದವನು ಕ್ಯಾಮೆರಾದಲ್ಲಿ ಕಣ್ಣಿಟ್ಟು, ಸ್ವಲ್ಪ ಎದ್ದು ನಿಂತು ಸೆರಗು ಸರಿ ಮಾಡಿಕೊಳ್ಳಿ ಮೇಡಂ ಅಂದ. ತಾಯಕ್ಕ ನನ್ನ ಮುಖ ನೋಡಿದಳು. ನಗು ಇನ್ನೇನು ಒಡೆಯಬೇಕು ಅನ್ನುವಾಗ ಅವನು ಬಟನ್ ಒತ್ತಿದ. ಸರ್ಕಾರದ ಚೀಟಿಯಲ್ಲಿ ಅಷ್ಟು ಖುಷಿಯಾಗಿರುವ ಅಂಗವಿಕಲೆಯನ್ನು ನೋಡಿ ಗುಮಾಸ್ತನಿಗೇ ಅನುಮಾನ ಬಂದಿತ್ತು.

ಆ ಚೀಟಿಗೆ ಬಸ್ ಪಾಸು ಸಿಕ್ಕಿತು. ಪಾಸು ಸಿಕ್ಕ ಮೇಲೆ ಅವಳನ್ನು ಹಿಡಿಯುವವರಿಲ್ಲ. ಬೇಸರ ಬಂದಾಗೆಲ್ಲ ಮಾದೇವನ ಮನೆಗೆ ಹೊರಡುತ್ತಿದ್ದಳು. ನಂಜನಗೂಡಿನಲ್ಲಿ ನಾನು ಎತ್ತಿ ಬಸ್ಸಿನ ಮೊದಲ ಸೀಟಿಗೆ ಕೂರಿಸಿ ಗಾಡಿಯನ್ನು ಸೀಟಿನಡಿ ತಳ್ಳಬೇಕು. ನರಸೀಪುರದಲ್ಲಿ ಮಾದೇವ ಇಳಿಸಿಕೊಳ್ಳಬೇಕು. ನಡುವಿನ ದಾರಿಯಲ್ಲಿ ಪಕ್ಕದ ಸೀಟಿನವರು ‘ಕಾಲಿಗೆ ಏನಾಯ್ತವ್ವ?’ ಅಂತ ಕೇಳದೆ ಇರುತ್ತಾರೆಯೇ? ನಿಜ ಹೇಳಿ ಹೇಳಿ ಅವಳಿಗೆ ಬೇಜಾರಾಗಿತ್ತು. ಒಬ್ಬರಿಗೆ ಆನೆ ತುಳಿಯಿತು ಅಂದಳು. ಇನ್ನೊಬ್ಬರಿಗೆ ಮುಡುಕುತೊರೆ ಬೆಟ್ಟದ ಮೇಲಿಂದ ಪಂದ್ಯ ಕಟ್ಟಿ ಹಾರಿದೆ ಅಂದಳು. ಮತ್ತೊಬ್ಬಾಕೆಗೆ, ನನ್ನ ತಮ್ಮ ಡ್ರಿಲ್ ಮೇಷ್ಟ್ರು, ಚಿಕ್ಕಂದಿನಲ್ಲಿ ಜಾಸ್ತಿ ಓಡಿಸಿಬಿಟ್ಟ ಅಂತ ಹೇಳಿದ್ದಕ್ಕೆ ಆಕೆ ಕಣ್ಣೀರು ಹಾಕಿ ಒಂದು ಚಿಪ್ಪು ರಸಬಾಳೆ ಕೊಟ್ಟು ಇಳಿದಳಂತೆ. ಆನೆಯ ಕತೆ ಕೇಳಿದ್ದವರೊಬ್ಬರು ಮಗನನ್ನು ಸೇರಿಸಲು ನಮ್ಮ ಸ್ಕೂಲಿಗೇ ಬಂದು, ಎಲ್ಲರ ಮುಂದೆ, ‘ಸಾ, ನಿಮ್ಮಕ್ಕೋರ್ಗೆ ಆನೆ ತುಳಿದದ್ದು ಬಂಡೀಪುರದಲ್ಲೋ ಬಿಳಿಗಿರಿರಂಗನ ಬೆಟ್ಟದಲ್ಲೋ?’ ಎಂದು ವಿಚಾರಿಸಿದರು. ನಾನು ಬಂಡೀಪುರ ಅಂದೆ. ಬೇರೆ ದಾರಿ ಇರಲಿಲ್ಲ.

ದೇವಸ್ಥಾನದ್ದು ಇನ್ನೂ ಮರ್ಯಾದೆಗೇಡು. ಒಂದು ಸೋಮವಾರ ಅವಳನ್ನು ಗಾಡಿಯಲ್ಲಿ ನಂಜುಂಡೇಶ್ವರನ ಗುಡಿಯ ಮುಂದೆ ಬಿಟ್ಟು ಚಪ್ಪಲಿ ಇಡಲು ಹೋಗಿದ್ದೆ. ಬರುವಷ್ಟರಲ್ಲಿ ಯಾತ್ರೆಗೆ ಬಂದ ಯಾರೋ ಅವಳ ಮಡಿಲಿಗೆ ಚಿಲ್ಲರೆ ಹಾಕಿದ್ದರು. ನನಗೆ ಮೈ ಉರಿದುಹೋಯಿತು. ತಾಯಕ್ಕ ಅವರಿಗೆ ಎರಡು ಕೈ ಎತ್ತಿ ಆಶೀರ್ವಾದ ಮಾಡಿ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲಿ ನಿಂತಿದ್ದ ನನ್ನ ಕಡೆ ಬೆರಳು ತೋರಿಸಿ, “ಅವನ್ಗೂ ಏನಾದ್ರು ಹಾಕಿ ತಾಯಿ, ಪಾಪ ಮೇಷ್ಟ್ರು” ಅಂದಳು. ಅವರು ಹಾಕಲು ಬಂದರು ಕೂಡ. ಆ ಚಿಲ್ಲರೆಗೆ ಕಡ್ಲೆಪುರಿ ಕೊಂಡು ದಾರಿಯುದ್ದಕ್ಕೂ ತಿನ್ನುತ್ತ ಬಂದಳು. ನನಗೂ ಕೊಟ್ಟಳು. ತಿಂದೆ.

ಇನ್ನು ಹಲಗೆಯ ವಿಷಯ. ನನಗೆ ನಂಜನಗೂಡಿನಲ್ಲಿ ಕೆಲಸವಾದಾಗ ಅಡಿಗೆ ಮಾಡಿ ಹಾಕಲು ಊರಿಂದ ಬಂದವಳು ತಾಯಕ್ಕ. ಈ ಮನೆಯ ಬಾಗಿಲಿಗೆ ಎರಡು ಮೆಟ್ಟಿಲು, ಅದರ ಮೇಲೆ ಮೊಣಕಾಲೆತ್ತರದ ಹಳೇ ಕಾಲದ ಹೊಸ್ತಿಲು. ಎರಡು ಪಕ್ಕಕ್ಕೂ ಜಗಲಿ. ಅಪ್ಪ ಊರಿಂದ ಒಂದು ಹಲಸಿನ ಹಲಗೆ ಕುಯ್ಸಿಕೊಂಡು ತಂದು, ಅಂಗಳದಿಂದ ಹೊಸ್ತಿಲ ತನಕ ಓರೆಯಾಗಿ ಹಾಕಿದರು. ಕೆಳಗಿನಿಂದ ದಮ್ಮು ಕಟ್ಟಿ ಗರ್ ಎಂದು ಹತ್ತಿ, ಹೊಸ್ತಿಲು ದಾಟಿ ಒಳಗೆ ಧಡ್ ಎಂದು ಬೀಳುತ್ತಿದ್ದಳು. ಆ ಧಡ್ ಕೇಳಿದರೆ ತಾಯಕ್ಕ ಮನೆಗೆ ಬಂದಳು ಎಂದು ಅರ್ಥ. ಹೊರಡುವಾಗ ಗಾಡಿಯನ್ನು ಹೊಸ್ತಿಲ ಮೇಲೆ ಎತ್ತಿಟ್ಟು, ಕೈಯೂರಿ ಅದನ್ನೇರುತ್ತಿದ್ದಳು. ಅಲ್ಲಿಂದ ಇಳಿಯುವುದಂತೂ ರೈಲು. ನನ್ನ ಮದುವೆ ಮಾತುಕತೆಯಲ್ಲಿ ಮನೆ ನೋಡುವ ಶಾಸ್ತ್ರಕ್ಕೆ ಸುನಂದನ ಕಡೆಯವರು ಬಂದು ಅಂಗಳದಲ್ಲಿ ನಿಂತಿದ್ದಾಗ, ಅವರನ್ನು ಎದುರುಗೊಳ್ಳಲು ಒಳಗಿನಿಂದ ಹೊರಟ ತಾಯಕ್ಕ ನೇರವಾಗಿ ಹೋಗಿ ಸುನಂದನ ಚಿಕ್ಕಪ್ಪನ ಮೊಳಕಾಲಿಗೆ ಗುದ್ದಿದಳು. ಅವರು ಎದ್ದು ಪಂಚೆ ಕೊಡವಿಕೊಂಡ ಮೇಲೆ, ಮುಖ ಸಪ್ಪಗೆ ಮಾಡಿ, ಮುಂದೆ ಈಯಮ್ಮನನ್ನ ನೋಡಿಕೊಳ್ಳುವವರು ಯಾರು ಎಂದು ಅಪ್ಪನನ್ನು ಕೇಳಿದರು. ಅಪ್ಪ ಬಾಯಿ ತೆಗೆಯುವ ಮುಂಚೆ ತಾಯಕ್ಕ ಹೇಳಿದಳು:

“ಇಷ್ಟು ದಿನ ಇವನನ್ನ ನೋಡಿಕೊಂಡವಳು ನಾನು ಕಣಣ್ಣ. ಇನ್ಮೇಲೆ ನಿಮ್ಮುಡುಗಿ ನೋಡಿಕೊಳ್ಳಲಿ. ನಂಗೆ ಸಾಕಾಗದೆ.”

ಮದುವೆಯಾಯಿತು. ಅಡಿಗೆಮನೆ ಎರಡು ರಾಜ್ಯವಾಯಿತು. ಸೊಂಟದಿಂದ ಕೆಳಗೆ ತಾಯಕ್ಕನದು: ನೆಲದ ಮೇಲೆ ಒಲೆ, ಕೆಳಗಿನ ಗೂಡಿನಲ್ಲಿ ಸಾರಿನ ಪುಡಿ, ಮೂಲೆಯಲ್ಲಿ ಒರಳು. ಸೊಂಟದಿಂದ ಮೇಲೆ ಸುನಂದನದು: ಕಟ್ಟೆ, ಗ್ಯಾಸು, ಸ್ಟೀಲ್ ಡಬ್ಬಿಗಳು. ಜಗಳವಾದರೆ ತಾಯಕ್ಕ ಉಪ್ಪನ್ನು ತನ್ನ ರಾಜ್ಯಕ್ಕೆ ಎಳೆದುಕೊಳ್ಳುತ್ತಿದ್ದಳು. ಸುನಂದ ಸಕ್ಕರೆಯನ್ನು ಅಟ್ಟದ ಮೇಲಿಡುತ್ತಿದ್ದಳು. ನಾನು ಇಬ್ಬರ ನಡುವೆ ಸೀಟಿಯಿಲ್ಲದ ರೆಫ್ರಿ. ಹಲಗೆ ಮಾತ್ರ ಯಾರ ರಾಜ್ಯಕ್ಕೂ ಸೇರದೆ ಬಾಗಿಲಲ್ಲಿ ಬಿದ್ದಿರುತ್ತಿತ್ತು. ಸುನಂದ ವಾರಕ್ಕೊಮ್ಮೆಯಾದರೂ ಅದನ್ನು ಎಡವಿ ಹೆಬ್ಬೆರಳು ಹಿಡಿದುಕೊಂಡು ಬೈಯುತ್ತಿದ್ದಳು. ಒಳಗಿನಿಂದ ತಾಯಕ್ಕನ ಉತ್ತರ ಸಿದ್ಧವಾಗಿರುತ್ತಿತ್ತು:

“ನಂಗೆ ಕಾಲಿಲ್ಲ, ನಿಂಗೆ ಕಣ್ಣಿಲ್ಲ. ಚೆನ್ನಾಗದೆ ಸಂಸಾರ.”

ಹೀಗೆ ಒಬ್ಬರಿಗೊಬ್ಬರು ಬೈದುಕೊಂಡೇ ಅವರಿಬ್ಬರು ನನ್ನನ್ನು ಬಿಟ್ಟು ಸಂತೆಗೆ ಹೋಗುತ್ತಿದ್ದರು, ಸಿನಿಮಾಕ್ಕೆ ಹೋಗುತ್ತಿದ್ದರು.

ಅಮಾವಾಸ್ಯೆಗೆ ವಾಪಸು ಬರೋಣ. ಹನ್ನೆರಡು ಗಂಟೆಗೆ ಎಲ್ಲ ಬಡಿಸಿ ಆಯಿತು. ತಾತನ ಕೋಳಿ ನಾರಾಗಿತ್ತು, ಅಪ್ಪನ ಕಾಫಿ ಕಹಿಯಾಗಿತ್ತು, ಅಮ್ಮ ಗೇಣು ಹಿಂದಿದ್ದಳು, ತಾಯಕ್ಕ ಆರಿದ ವಡೆ ಮುಂದಿಟ್ಟುಕೊಂಡು ನಗು ತಡೆದುಕೊಂಡಿದ್ದಳು. ಧೂಪ ಹಾಕಿ, ಕೈ ಮುಗಿದು, ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂತೆವು. ಸುಮ್ಮನೆ ಕೂರುವುದು ನನಗೆ ಬಾರದು. ಮನಸ್ಸಿನಲ್ಲೇ ಹಾಜರಿ ತೆಗೆಯಲು ಶುರು ಮಾಡಿದೆ. ತಾತ ಕೋಲೂರಿಕೊಂಡು ಮೆಟ್ಟಿಲು ಹತ್ತಿದರು, ಹೊಸ್ತಿಲು ದಾಟಿದರು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು. ಅವರು ಹೋಗುವ ತನಕ ಕಾದಿದ್ದು ಅಮ್ಮ ಹೋದಳು. ಆಮೇಲೆ ಗರ್ ಎಂದು ಗಾಡಿ ಅಂಗಳಕ್ಕೆ ಬಂತು. ಬಂದು ನಿಂತಿತು. ಧಡ್ ಕೇಳಲಿಲ್ಲ.

ಮೆಟ್ಟಿಲು ನೋಡಿದೆ. ಖಾಲಿ. ಹಲಗೆ ಉಜ್ಜಿ ನುಣುಪಾಗಿದ್ದ ಒಂದು ಪಟ್ಟೆ ಮಾತ್ರ ಕಲ್ಲಿನ ಮೇಲಿತ್ತು.

“ಹಲಗೆ” ಅಂದೆ.

ಯಾವ ಹಲಗೆ ಎಂದು ಕೇಳಲು ಹೊರಟ ಸುನಂದ ಅರ್ಧಕ್ಕೇ ನಿಲ್ಲಿಸಿದಳು. ತಾಯಕ್ಕನ ತಿಥಿಯ ಕೆಲಸವೆಲ್ಲ ಮುಗಿದ ಮೇಲೆ ಅದನ್ನು ತಾರಸಿಗೆ ಸಾಗಿಸಿ, ಇಟ್ಟಿಗೆಯ ಮೇಲಿಟ್ಟು, ದೊಡ್ಡಪತ್ರೆಯ ಕುಂಡಗಳನ್ನು ಜೋಡಿಸಿದ್ದೆವು. ಕುಂಡಗಳ ಸಾಲನ್ನು ನೇರ ಮಾಡಿದವನು ನಾನೇ.

ವಿಷಯ ತಿಳಿದು ಸೋದರತ್ತೆ ಕೈ ಬೀಸಿದರು. “ಸತ್ತೋಳ್ಗೆ ಅಲಗೆ ಯಾಕ್ಲಾ ಸ್ವಾಮಿ? ಅಲ್ಗೋದ್ಮೇಲೆ ಕೈಕಾಲು ಎಲ್ಲ ಸರ್ಯಾಯ್ತವೆ. ಚಿಗ್ರೆ ಅಂಗೆ ನೆಗ್ದು ಬತ್ತಾಳೆ, ಕೂತ್ಕೊ.”

ಕೂತುಕೊಂಡು ಅದನ್ನು ಊಹಿಸಿ ನೋಡಿದೆ. ಎರಡು ಕಾಲಿನ ಮೇಲೆ ನಿಂತ, ನನ್ನಷ್ಟೇ ಎತ್ತರದ ಒಬ್ಬ ಹೆಂಗಸು ಸೀರೆ ನೆರಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಒಳ್ಳೆಯವಳಂತೆ ಕಂಡಳು. ಆದರೆ ಆಕೆ ಯಾರೋ ನನಗೆ ಗೊತ್ತಿರಲಿಲ್ಲ. ನಾನು ಆರಿದ ವಡೆ ಇಟ್ಟದ್ದು ಆಕೆಗಲ್ಲ.

“ಅಲ್ಲಿ ಎಲ್ಲ ಸರಿ ಆಗೋದಾದ್ರೆ ತಾತನಿಗೆ ಇನ್ನೂ ಹಲ್ಲು ಯಾಕೆ ಬಂದಿಲ್ಲ ಅತ್ತೆ? ಬೆಳಿಗ್ಗೆ ಕೋಳಿ ಬಿಡಿಸಿ ಬಿಡಿಸಿ ನನ್ನ ಉಗುರು ಸವೆದಿದೆ.”

ಅದು ಬೇರೆ, ಇದು ಬೇರೆ ಅಂದರು ಸೋದರತ್ತೆ. ಆಗ ಮಾದೇವ, ಯಾವತ್ತೂ ಅತ್ತೆಗೆ ಎದುರು ಮಾತಾಡದವನು, ಬೀದಿ ಕಡೆ ನೋಡಿಕೊಂಡೇ ಕೇಳಿದ:

“ಮತ್ತೆ ಗುಂಡಿಗೆ ಗಾಡಿ ಯಾಕತ್ತೆ ಇಡ್ಸ್ದೆ?”

ಅದು ನಿಜ. ಊರಿನ ನಮ್ಮ ಜಮೀನಿನಲ್ಲಿ ತಾಯಕ್ಕನನ್ನು ಮಣ್ಣು ಮಾಡುವಾಗ ಎಲೆಅಡಿಕೆ, ನಶ್ಯದ ಡಬ್ಬಿ ಹಾಕಿದ ಮೇಲೆ, ಗಾಡಿಯನ್ನೂ ಇಡ್ರಲಾ ಎಂದು ಹಠ ಮಾಡಿದವರು ಸೋದರತ್ತೆಯೇ. ಮಾದೇವ ಗುಂಡಿಗಿಳಿದು ಅವಳ ಪಕ್ಕದಲ್ಲಿ ಇಟ್ಟು ಬಂದಿದ್ದ.

ಸೋದರತ್ತೆ ಸೊಂಟದಿಂದ ತಮ್ಮ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು. ಸೀನಿದರು. ಸೆರಗಿನಲ್ಲಿ ಮೂಗಿನ ಜೊತೆ ಕಣ್ಣನ್ನೂ ಒರೆಸಿಕೊಂಡರು. ನಶ್ಯ ಖಾರವಾಗಿದ್ದಿರಬೇಕು.

“ಗಾಡಿ ಬುಟ್ಟು ಅವ್ಳು ಎಂಗಿದ್ದಾಳ್ಲಾ, ಅದ್ಕೇ ಇಡ್ಸ್ದೆ” ಅಂದರು. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಓಗು, ಅಲಗೆ ತತ್ತಾ. ಬಾಗ್ಲು ಮಾತ್ರ ತಗೀಬ್ಯಾಡ. ಉಣ್ತಾ ಕುಂತೋರ ಮದ್ಯೆ ತೂರ್ಕಂಡು ಓದ್ರೆ ಎದ್ದೋಯ್ತಾರೆ.”

ಇದೇ ಕಷ್ಟವಾದದ್ದು. ನಮ್ಮ ತಾರಸಿಯ ಮೆಟ್ಟಿಲು ಇರುವುದು ಮನೆಯ ಒಳಗೆ. ಉಳಿದ ದಾರಿ ಪಕ್ಕದ ಮನೆಯ ತಾರಸಿಯಿಂದ ನಡುವಿನ ಗೋಡೆ ಹಾರುವುದು. ಸಾವಿರಾರು ಮಕ್ಕಳಿಗೆ ಗೋಡೆ ಹಾರುವುದನ್ನು ಕಲಿಸಿದ ನನ್ನ ಮಂಡಿಗಳು ಈಗ ಪಾಯಖಾನೆಗೆ ಕೂರಲೂ ಒಪ್ಪುವುದಿಲ್ಲ. ಇವತ್ತಿಗೂ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುವ ಮಾದೇವನೇ ಪಂಚೆ ಎತ್ತಿ ಕಟ್ಟಿದ. ಪಕ್ಕದ ಮನೆಯಾಕೆ ಗೇಟಿಗೆ ಬಂದು ಏನಾಯಿತು ಎಂದು ಕೇಳಿದರು. ಸೋದರತ್ತೆ ಜಗಲಿಯಿಂದಲೇ ವರದಿ ಕೊಟ್ಟರು.

“ನಮ್ ತಾಯವ್ವ ಬಂದು ನಿಂತವ್ಳೆ ಕಣವ್ವ. ಒಳೀಕೆ ಓಗಕ್ಕಾಯ್ತಿಲ್ಲ.”

ಆಕೆ ಇನ್ನೊಂದು ಮಾತೂ ಕೇಳದೆ ತಮ್ಮ ತಾರಸಿಯ ಬೀಗದಕೈ ತರಲು ಓಡಿದರು.

ಮೇಲಿನಿಂದ ಕುಂಡಗಳನ್ನು ಎಳೆಯುವ ಸದ್ದು ಬಂತು. ಆಮೇಲೆ ಹಲಗೆಯ ಒಂದು ತುದಿ ಗೋಡೆಯ ಮೇಲೆ ಕಂಡಿತು. ನಾನು ಅಂಗಳದಲ್ಲಿ ನಿಂತು ಎಡಕ್ಕೆ, ಬಲಕ್ಕೆ, ನಿಲ್ಲು ಎಂದು ಆಜ್ಞೆ ಕೊಟ್ಟೆ. ಮಾದೇವ ಒಂದನ್ನೂ ಪಾಲಿಸದೆ ಅದನ್ನು ಹೆಗಲ ಮೇಲೆ ಹೊತ್ತು ಪಕ್ಕದ ಮನೆಯ ಗೇಟಿನಿಂದ ಬಂದ. ಮೆಟ್ಟಿಲಿನ ನುಣುಪು ಪಟ್ಟೆಯ ಮೇಲೆ ಸರಿಯಾಗಿ ಕೂರಿಸಿದೆವು. ಸದ್ದಾಗದ ಹಾಗೆ. ಹಲಗೆಯೆಲ್ಲ ಮಣ್ಣು, ದೊಡ್ಡಪತ್ರೆಯ ವಾಸನೆ. ಮೊದಲು ಕೆಳ ತುದಿಗೆ ಆನಿಸಿದ್ದ ಇಟ್ಟಿಗೆ ಚೂರು ಎಲ್ಲೋ ಹೋಗಿದ್ದರಿಂದ ಸ್ವಲ್ಪ ಅಲ್ಲಾಡುತ್ತಿತ್ತು.

ತಡವಾಗಿ ಬಂದವಳಿಗೆ ಹೊತ್ತು ಬೇಕು, ಮೊದಲಿಂದ ಕಾಯಬೇಕು ಎಂದು ಸೋದರತ್ತೆ ತೀರ್ಪು ಕೊಟ್ಟರು. ಗಂಟೆ ಒಂದಾಗಿಹೋಯಿತು. ಬಾಗಿಲಿನ ಸಂದಿಯಿಂದ ಕೋಳಿಸಾರಿನ ವಾಸನೆ ಬರುತ್ತಿತ್ತು. ನನ್ನ ಹೊಟ್ಟೆ ಇಷ್ಟು ವರ್ಷದ ಅಭ್ಯಾಸದಂತೆ ಗಂಟೆ ಬಾರಿಸಿತು, ಯಾರೂ ಬಡಿಸಲಿಲ್ಲ. ಅಕ್ಕ ಇದ್ದಾಗಲೂ ಹೀಗೇ ಅಲ್ಲವಾ, ಅವಳು ಬಸ್ಸಿಳಿದು ಬರುವ ತನಕ ಯಾರಿಗೆ ಅನ್ನ ಇತ್ತು ಎನ್ನುತ್ತ ಮಾದೇವ ಮಂಡಿ ಉಜ್ಜಿಕೊಂಡ. ಕಿವಿಗೊಟ್ಟು ಕೂತಿದ್ದೆ. ಏನೂ ಕೇಳಲಿಲ್ಲ. ನನ್ನ ಕಿವಿಯೂ ಮಂಡಿಯಷ್ಟೇ ಹಳೆಯದು.

ಎರಡರ ಹತ್ತಿರ ಸೋದರತ್ತೆ ಕೆಮ್ಮಿ, ಬಾಗಿಲು ತಟ್ಟಿ, ತೆಗೆಯಿರಿ ಅಂದರು. ಬಾಗಿಲು ತೆರೆದೆ. ಎಲೆಗಳಿಗೆ ನೀರು ಬಿಡಲು ಸುನಂದ ಚೊಂಬು ಹಿಡಿದು ಅವಸರದಲ್ಲಿ ಮೆಟ್ಟಿಲಿಗೆ ಕಾಲಿಟ್ಟಳು. ಹೆಬ್ಬೆರಳು ಹೋಗಿ ಹಲಗೆಯ ಅಂಚಿಗೆ ಬಡಿಯಿತು. ಅರ್ಧ ಚೊಂಬು ನೀರು ಅವಳ ಸೀರೆಯ ಮೇಲೆ.

“ಹಾಳಾದ್ ಹಲಗೆ, ನನ್ನ ಕಾಲು ತಿನ್ನೋಕೇ ಹುಟ್ಟಿದೆ!”

ಹೇಳಿದ ಮೇಲೆ ಹೆಬ್ಬೆರಳು ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ನಾವೂ ನಿಂತೆವು. ಈ ಬೈಗುಳಕ್ಕೆ ಒಳಗಿನಿಂದ ಒಂದು ಉತ್ತರ ಬರಬೇಕು. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ನಾಲ್ವರಿಗೂ ಗೊತ್ತಿತ್ತು. ಅಷ್ಟು ಹೊತ್ತು ಕಾದೆವು. ಧೂಪದ ಹೊಗೆಯಲ್ಲಿ ಕೊನೆಯ ಫೋಟೋ ಸರಿಯಾಗಿ ಕಾಣುತ್ತಿರಲಿಲ್ಲ. ಸುನಂದ ಬಗ್ಗಿ ನಡುಮನೆಯ ಕತ್ತಲಿಗೆ ಇಣುಕಿದಳು.

“ಬಂದ್ರಾ ಅತ್ಗೆ?” ಅಂದಳು. ಆಮೇಲೆ ಕುಂಟುತ್ತ ಒಳಗೆ ಹೋದಳು.

ಸೋದರತ್ತೆ ತಾಯಕ್ಕನ ಎಲೆಯನ್ನು ನನ್ನ ಮುಂದಕ್ಕೆ ಸರಿಸಿದರು. ತಂಗಳು ವಡೆ ಎಂದು ಎಷ್ಟು ಸಲ ಅವಳನ್ನು ಬೈದಿದ್ದೆನೋ, ಅದೇ ವಡೆಯನ್ನು ತಿಂದೆ. ರುಚಿ ಈಗಲೂ ಗೊತ್ತಾಗಲಿಲ್ಲ. ಎರಡನೆಯದನ್ನೂ ತಿಂದೆ.

ಸಂಜೆ ಮಾದೇವನನ್ನು ನರಸೀಪುರದ ಬಸ್ಸು ಹತ್ತಿಸಿ ಬಂದೆ. ಹಲಗೆಯನ್ನು ತಾರಸಿಗೆ ಸಾಗಿಸಬೇಕೆ ಎಂದು ಕೇಳೋಣವೆಂದರೆ ಸುನಂದ ಹೆಬ್ಬೆರಳಿಗೆ ಅರಿಶಿನ ಹಚ್ಚಿಕೊಳ್ಳುತ್ತ, ಕುಂಡ ಇಡೋದಕ್ಕೆ ಬೇರೆ ಹಲಗೆ ತಂದುಕೊಡಿ ಅಂದಳು. ಎರಡು ಬಕೆಟ್ಟು ನೀರು ಹಾಕಿ ಮಣ್ಣು ತೊಳೆದೆ. ಇಟ್ಟಿಗೆಯ ಚೂರೊಂದನ್ನು ಹುಡುಕಿ, ಕೆಳ ತುದಿಯ ಅಡಿಗೆ ಕೊಟ್ಟು, ಕಲ್ಲಿನಿಂದ ಬಡಿದು ಬಿಗಿ ಮಾಡಿದೆ. ಮೇಲೆ ಹತ್ತಿ ನಿಂತು ಮೈ ಭಾರ ಬಿಟ್ಟು ನೋಡಿದೆ. ಅಲ್ಲಾಡಲಿಲ್ಲ. ಕೈ ತೊಳೆದುಕೊಂಡು ಒಳಗೆ ಹೋದೆ.